ಗುಡುಮನ ಸ್ಫೂರ್ತಿಮೂಲಗಳು

ಕಳೆದ ವರ್ಷ ಮಾರ್ಚ್ ತಿಂಗಳ ಎರಡನೇ ಸೋಮವಾರ, ವಿಡಿಯೊ ಗೇಮ್ ಕಂಪನಿಯೊಂದರ ನಾಲ್ಕನೇ ಮಹಡಿಯಲ್ಲಿ, ಗುಡುಮ ಎಂಬ ಪ್ರಾಣಿಗೆ ಮೂಲವೇ ಇಲ್ಲವೆಂಬ ಸಂಗತಿ ಅಧಿಕೃತವಾಗಿ ಪತ್ತೆಯಾಯಿತು.

ಗುಡುಮ ಹೊಸ ಆಟದಲ್ಲಿ ನಿಧಿ ಕಾಯುವ ಪ್ರಾಣಿ. ದೊಡ್ಡ ಹೊಟ್ಟೆ, ಗಿಡ್ಡ ಕಾಲು. ಬಾಯಿ ಅರ್ಧ ತೆರೆದು ನಿಧಿಯ ಮೇಲೆ ಮಲಗಿರುತ್ತದೆ. ಆಟಗಾರ ಒಂದು ನಾಣ್ಯ ಎತ್ತಿದರೂ ಸಾಕು, ಕಣ್ಣು ಮುಚ್ಚಿಕೊಂಡೇ ಗದರುತ್ತದೆ. ಆಡಿ ನೋಡಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅದನ್ನು ಬಿಡಿಸಿದ ಚಿತ್ರಗಾರ್ತಿ ಇನ್ನೂ ತಾತ್ಕಾಲಿಕ ನೌಕರಿಯಲ್ಲಿದ್ದಳು. ಗುಡುಮ ಆಟದೊಳಗೆ ಹೋದರೆ ಅವಳ ಕೆಲಸ ಕಾಯಂ. ಹೋಗದಿದ್ದರೆ ಶುಕ್ರವಾರ ಇಬ್ಬರೂ ಹೊರಗೆ.

ತೊಡಕಿಗೆ ಕಾರಣ ಸ್ಫೂರ್ತಿ ವಿಭಾಗ. ಹಿಂದೊಮ್ಮೆ ಎದುರಾಳಿ ಕಂಪನಿಯವರು ತಮ್ಮ ರೆಕ್ಕೆಯ ಹಲ್ಲಿಯ ಹಿಂದೆ ನಾಲ್ಕು ಪುರಾಣ, ಎರಡು ಪಳೆಯುಳಿಕೆ ಇವೆಯೆಂದು ಪ್ರಕಟಿಸಿದ್ದರು. ಅದೇ ವಾರ ಪತ್ರಕರ್ತನೊಬ್ಬ ಈ ಕಂಪನಿಯ ನಿರ್ದೇಶಕರನ್ನು, "ನಿಮ್ಮ ಪ್ರಾಣಿಗಳು ಎಲ್ಲಿಂದ ಬರುತ್ತವೆ?" ಎಂದು ಕೇಳಿದ. "ಮೂರನೇ ಮಹಡಿಯಿಂದ" ಎಂದರು ನಿರ್ದೇಶಕರು. ಆ ಮಾತು ಪತ್ರಿಕೆಯಲ್ಲಿ ಬಂತು. ಮರುದಿನವೇ ನಾಲ್ಕನೇ ಮಹಡಿಯಲ್ಲಿ ವಿಭಾಗ ತೆರೆದು, ಬಾಗಿಲಿಗೆ ನಿಯಮ ಅಂಟಿಸಲಾಯಿತು:

"ಪ್ರತಿಯೊಂದು ಪ್ರಾಣಿಗೂ ಪುರಾಣದಿಂದ ಒಂದು, ವಿಜ್ಞಾನದಿಂದ ಒಂದು ಸ್ಫೂರ್ತಿ ಇರತಕ್ಕದ್ದು. ಒಮ್ಮೆ ಬಳಸಿದ ಸ್ಫೂರ್ತಿಯನ್ನು ಮತ್ತೊಮ್ಮೆ ಬಳಸತಕ್ಕದ್ದಲ್ಲ. ಸುಮ್ಮನೆ ಹೊಳೆದದ್ದನ್ನು ಸ್ಫೂರ್ತಿಯೆಂದು ಪರಿಗಣಿಸಲಾಗುವುದಿಲ್ಲ."

ವಿಭಾಗದಲ್ಲಿ ಇಬ್ಬರಿದ್ದರು, ಪುರಾಣಾಧಿಕಾರಿ ಮತ್ತು ವಿಜ್ಞಾನಾಧಿಕಾರಿ. ಕುರ್ಚಿಯೂ ಎರಡೇ. ಚಿತ್ರಗಾರ್ತಿ ನಿಂತುಕೊಂಡಳು.

"ನಿದ್ದೆ ಮಾಡೋ ಪ್ರಾಣಿ ಸಾರ್. ಕುಂಭಕರ್ಣನ್ನ ಹಾಕಬಹುದಲ್ಲ?"

"ಕುಂಭಕರ್ಣ ಖಾಲಿ," ಎಂದರು ಪುರಾಣಾಧಿಕಾರಿ. "ಜನವರಿಯಲ್ಲೇ ಬಂಡೆ ರಾಕ್ಷಸನಿಗೆ ಕೊಟ್ಟಾಯ್ತು. ನಿದ್ದೆಯವರಲ್ಲಿ ಮುಚುಕುಂದ ಒಬ್ಬ ಉಳಿದಿದ್ದ. ಅವನನ್ನ ಮೊನ್ನೆ ಗುಹೆಯ ಕಪ್ಪೆಯವರು ತಗೊಂಡು ಹೋದ್ರು."

"ರಾವಣ?"

"ಒಂಬತ್ತು ತಲೆ ಹೋಗಿವೆ. ಉಳಿದ ಒಂದನ್ನ ನಿರ್ದೇಶಕರ ಮಗನಿಗೆ ಅಂತ ಎತ್ತಿಟ್ಟಿದ್ದೀವಿ. ಅವರೂ ಏನೋ ಬಿಡಿಸ್ತಾ ಇದ್ದಾರಂತೆ."

ಅವಳು ವಿಜ್ಞಾನಾಧಿಕಾರಿಯ ಕಡೆ ತಿರುಗಿದಳು.

"ಕರಡಿ ಹೋಯ್ತು, ಬಾವಲಿ ಹೋಯ್ತು, ಆಮೆ ಹೋಯ್ತು," ಎಂದರು ಅವರು. "ಜಿಗಣೆ ಇದೆ. ಬೇಕೇನಮ್ಮ?"

"ಗುಡುಮ ಜಿಗಣೆ ಥರ ಇಲ್ಲವಲ್ಲ ಸಾರ್."

"ಸ್ವಲ್ಪ ತಿದ್ದು. ಕಾಲು ತೆಗಿ, ಹೊಟ್ಟೆ ತೆಗಿ."

"ಹೊಟ್ಟೆ ತೆಗೆದ್ರೆ ಇನ್ನೇನು ಉಳಿಯುತ್ತೆ?"

"ಜಿಗಣೆ."

ಅವಳು ಗುಡುಮನ ಚಿತ್ರವನ್ನು ಎದೆಗವಚಿಕೊಂಡಳು. ಆ ಹೊಟ್ಟೆಯ ಏರಿಳಿತವನ್ನು ಅವಳು ಒಂದು ತಿಂಗಳು ಕೂತು ತಿದ್ದಿದ್ದಳು. ಪುರಾಣಾಧಿಕಾರಿಗೆ ಕನಿಕರವಾಯಿತು. "ಹೋಗಲಿ, ನಿಜ ಹೇಳು. ಎಲ್ಲಿಂದ ಬಂತು ಇದು?"

"ನಮ್ಮ ಚಿಕ್ಕಪ್ಪ ಸಾರ್."

ಅಧಿಕಾರಿಗಳು ಮುಖ ಮುಖ ನೋಡಿಕೊಂಡರು.

"ಬೇರೆ ಯಾರಾದ್ರೂ ಅವರನ್ನ ಬಳಸಿದ್ದಾರಾ?"

"ಇಲ್ಲ ಸಾರ್. ನಿವೃತ್ತಿಯಾದ ಮೇಲೆ ಯಾರೂ ಯಾವುದಕ್ಕೂ ಬಳಸಿಲ್ಲ."

ಮೂಲ ಹೊಚ್ಚಹೊಸದು. ಆದರೆ ಚಿಕ್ಕಪ್ಪ ಪುರಾಣದಲ್ಲೂ ಇರಲಿಲ್ಲ, ವಿಜ್ಞಾನದಲ್ಲೂ ಇರಲಿಲ್ಲ. ನಿಯಮದಂತೆ ಅವರನ್ನು ಮೊದಲು ಎರಡಕ್ಕೂ ಸೇರಿಸಬೇಕಾಗಿತ್ತು.

ಬುಧವಾರ ಮಧ್ಯಾಹ್ನ ಮೂವರೂ ಚಿಕ್ಕಪ್ಪನ ಮನೆಗೆ ಹೋದರು. ಚಿತ್ರಗಾರ್ತಿ ಇದ್ದದ್ದೂ ಅದೇ ಮನೆಯಲ್ಲಿ. ಚಿಕ್ಕಪ್ಪ ಜೀವಮಾನವಿಡೀ ಲಿಫ್ಟ್ ರಿಪೇರಿ ಮಾಡಿದವರು. ಊರಿಗೆಲ್ಲ ಮೇಲೆ ಹೋಗುವ ದಾರಿ ಮಾಡಿಕೊಟ್ಟು ಈಗ ಸೋಫಾದ ಮೇಲೆ ಅಡ್ಡಾಗಿದ್ದರು. ಎದೆಯ ಮೇಲೆ ರಿಮೋಟು, ರಿಮೋಟಿನ ಮೇಲೆ ಕೈ. ಟೀವಿಯಲ್ಲಿ ಹವಾಮಾನ ವರದಿ ನಡೆದಿತ್ತು.

ವಿಜ್ಞಾನಾಧಿಕಾರಿ ಟೇಪು ತೆಗೆದು ಹೊಟ್ಟೆಯ ಸುತ್ತಳತೆ ಗುರುತಿಸಿಕೊಂಡರು: ನೂರ ಇಪ್ಪತ್ತಾರು ಸೆಂಟಿಮೀಟರ್. ಗೊರಕೆಯನ್ನು ಗಡಿಯಾರ ಹಿಡಿದು ಕೇಳಿದರು. ಆಮೇಲೆ ಎರಡು ಬೆರಳಲ್ಲಿ ರಿಮೋಟನ್ನು ಮೆಲ್ಲಗೆ ಎಳೆದರು.

"ಏಯ್, ನೋಡ್ತಾ ಇದ್ದೀನಿ," ಎಂದರು ಚಿಕ್ಕಪ್ಪ, ಕಣ್ಣು ತೆರೆಯದೆ.

"ಏನು ನೋಡ್ತಾ ಇದ್ದೀರಿ ಸಾರ್?"

ಗೊರಕೆ ಮುಂದುವರಿಯಿತು. ಪ್ರಯೋಗವನ್ನು ಮತ್ತೆ ಮತ್ತೆ ಮಾಡಲಾಯಿತು. ಫಲಿತಾಂಶ ಬದಲಾಗಲಿಲ್ಲ.

"ಗಾಢ ನಿದ್ರೆಯಲ್ಲಿ ಆಸ್ತಿರಕ್ಷಣೆ," ಎಂದರು ವಿಜ್ಞಾನಾಧಿಕಾರಿ, ಧ್ವನಿ ತಗ್ಗಿಸಿ. "ಮನುಷ್ಯರಲ್ಲಿ ಇದು ಕಂಡುಬರೋದಿಲ್ಲ."

ಪುರಾಣಾಧಿಕಾರಿ ಏನೋ ಹೇಳಹೊರಟು ಸುಮ್ಮನಾದರು. ಅವರ ಮನೆಯಲ್ಲೂ ಸೋಫಾ ಇತ್ತು.

"ಇವರು ಮನುಷ್ಯರಲ್ಲ ಅಂತ ಮದುವೆಯಾದ ವಾರದಿಂದ ಬಡ್ಕೋತಾ ಇದ್ದೀನಿ," ಎಂದರು ಚಿಕ್ಕಮ್ಮ. "ನಾನು ಹೇಳಿದ್ರೆ ಜಗಳ. ಟೇಪ್ ಹಿಡ್ಕೊಂಡು ಬಂದು ಹೇಳಿದ್ರೆ ವಿಜ್ಞಾನ!"

ಗುರುವಾರದೊಳಗೆ ಪುರಾಣವೂ ಸಿದ್ಧವಾಯಿತು. ದೇವತೆಗಳು ಅಮೃತದ ಕಾವಲಿಗೆ ಗುಡುಮನನ್ನು ನೇಮಿಸಿದರು. ಗುಡುಮ ಮಲಗಿತು. ಅಸುರ ಬಂದು ಕೊಡಕ್ಕೆ ಕೈ ಹಾಕಿದ. 'ನೋಡುತ್ತಿದ್ದೇನೆ' ಎಂದಿತು ಗುಡುಮ. ಅಸುರ ಕಾಲಿಗೆ ಬುದ್ಧಿ ಹೇಳಿದ. ಮೆಚ್ಚಿದ ದೇವತೆಗಳು, ಇನ್ನು ಏಳಬೇಕಾಗಿಲ್ಲ ಎಂದು ವರ ಕೊಟ್ಟರು.

ನಿರ್ದೇಶಕರು ಓದಿದರು. "ಇದು ಹಳೇದು ತಾನೆ?"

"ಬಹಳ ಹಳೇದು ಸಾರ್. ನಡುವೆ ಹನ್ನೆರಡು ಪದ್ಯ ಗೆದ್ದಲು ತಿಂದುಬಿಟ್ಟಿದೆ."

"ಯಾವಾಗ ತಿಂತು?"

"ನಿನ್ನೆ ಸಾಯಂಕಾಲ."

ನಿರ್ದೇಶಕರು ರುಜು ಹಾಕಿದರು. ಶುಕ್ರವಾರ ಗುಡುಮ ಆಟದೊಳಗೆ ಹೋಯಿತು, ಚಿತ್ರಗಾರ್ತಿ ಕಾಯಂ ಆದಳು. ಆಟ ಬಿಸಿ ದೋಸೆಯಂತೆ ಮಾರಾಟವಾಯಿತು. ಎದುರಾಳಿ ಕಂಪನಿಯವರು ಮೂಲ ಪುರಾಣವನ್ನು ಹುಡುಕಲು ಇಬ್ಬರು ವಿದ್ವಾಂಸರನ್ನು ನೇಮಿಸಿದರು. ಅವರಿಗೆ ಎರಡು ಪಾಠಾಂತರಗಳು ಸಿಕ್ಕವು.

ಮಳೆಗಾಲ ಕಳೆಯುವ ಹೊತ್ತಿಗೆ ಚಿಕ್ಕಪ್ಪನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿತು. ಹೊಟ್ಟೆ ಇಳಿಸಿ, ನಡೆಯಿರಿ ಎಂದರು ಡಾಕ್ಟರು. ಚಿಕ್ಕಪ್ಪ ಕೆಲವು ದಿನ ನಡೆದರು. ಹೊಟ್ಟೆ ಇಳಿಯಿತು. ಅಳತೆ ತಾಳೆ ನೋಡಲು ಬಂದ ವಿಜ್ಞಾನಾಧಿಕಾರಿ ಅದನ್ನು ಬರೆದುಕೊಂಡು ಹೋದರು. ಆ ವಾರವೇ ನಾಲ್ಕನೇ ಮಹಡಿಯಿಂದ ಸೂಚನೆ ಬಂತು:

"ಸ್ಫೂರ್ತಿಯು ಅನುಮತಿಯಿಲ್ಲದೆ ತನ್ನ ಆಕಾರವನ್ನು ಬದಲಿಸತಕ್ಕದ್ದಲ್ಲ. ಬದಲಿಸಿದಲ್ಲಿ ಪ್ರಾಣಿಯನ್ನೂ, ಅದರ ಚಿತ್ರಕಾರರನ್ನೂ ಹಿಂಪಡೆಯಲಾಗುವುದು."

ಚಿತ್ರಗಾರ್ತಿ ಅದನ್ನು ಬಚ್ಚಿಟ್ಟಳು. ಚಿಕ್ಕಮ್ಮ ಹುಡುಕಿ ತೆಗೆದು ಜೋರಾಗಿ ಓದಿದರು.

"ನೀವು ನಡೀರಿ ಚಿಕ್ಕಪ್ಪ. ಕೆಲಸ ಹೋದ್ರೆ ಇನ್ನೊಂದು ಸಿಗುತ್ತೆ," ಎಂದಳು ಅವಳು.

ಚಿಕ್ಕಪ್ಪ ಷೂ ಬಿಚ್ಚಿದರು. "ನಿನಗೋಸ್ಕರ ನಾನು ಮಲಗಬೇಕು, ಅಷ್ಟೇ ತಾನೆ ಮಗಳೇ? ಇಷ್ಟೂ ಮಾಡದಿದ್ರೆ ನಾನೆಂಥ ಚಿಕ್ಕಪ್ಪ?" ಎಂದು ಹೇಳಿ ಸೋಫಾದ ಮೇಲೆ ಒರಗಿದರು.

ಅವಳಿಗೆ ಸಮಾಧಾನವಾಗಲಿಲ್ಲ. ವಿಭಾಗದ ಕಾಗದಗಳನ್ನೆಲ್ಲ ಹಿಡಿದು ಡಾಕ್ಟರ ಬಳಿಗೆ ಓಡಿದಳು, ಅವರಾದರೂ ಗದರಿಸಲಿ ಎಂದು. ಡಾಕ್ಟರು ಎಲ್ಲವನ್ನೂ ಓದಿ ಕನ್ನಡಕ ತೆಗೆದರು.

"ಮೊದಲೇ ಹೇಳಬಾರದೇನಮ್ಮ? ಹಾಗಾದ್ರೆ ಇವರು ನನ್ನ ವಿಭಾಗಕ್ಕೆ ಬರೋದೇ ಇಲ್ಲ," ಎಂದು ಪಶುವೈದ್ಯರಿಗೆ ಚೀಟಿ ಬರೆದುಕೊಟ್ಟರು.

ಪಶುವೈದ್ಯರು ಮನೆಗೇ ಬಂದು, ಕಿವಿ ಹಿಡಿದು, ಹಲ್ಲು ನೋಡಿ, ತೂಕ ಹಾಕಿದರು. ಈ ಜಾತಿಯಲ್ಲಿ ಉಳಿದಿರುವುದು ಒಂದೇ ಆದ್ದರಿಂದ ಇದರ ತೂಕವೇ ಜಾತಿಯ ಸರಾಸರಿ ತೂಕ, ಆತಂಕಕ್ಕೆ ಕಾರಣವಿಲ್ಲ ಎಂದರು. ಅಷ್ಟು ಓದಿದವರು ಹೇಳಿದ ಮೇಲೆ ಚಿತ್ರಗಾರ್ತಿಯೂ ಒಪ್ಪಿದಳು. ಏದುಸಿರನ್ನು ಧ್ವನಿಮುದ್ರಿಸಿ ಗುಡುಮನಿಗೆ ಸೇರಿಸಿದ್ದಕ್ಕೆ ಅವಳಿಗೆ ಬಡ್ತಿಯೂ ಸಿಕ್ಕಿತು.

ಈಗ ಪ್ರತಿ ತಿಂಗಳ ಮೊದಲ ಸೋಮವಾರ ಮಧ್ಯಾಹ್ನ ವಿಜ್ಞಾನಾಧಿಕಾರಿ ಬರುತ್ತಾರೆ. ಟೇಪಿನ ಇನ್ನೊಂದು ತುದಿಯನ್ನು ಚಿಕ್ಕಮ್ಮ ಹಿಡಿಯುತ್ತಾರೆ. ಈ ತಿಂಗಳ ಸುತ್ತಳತೆ ನೂರ ಇಪ್ಪತ್ತಾರು ಸೆಂಟಿಮೀಟರ್.