ಬದನೆಕಾಯಿಯ ಕುಲ

ಹೊಸಮನೆ ಬಡಾವಣೆಯ ಜಯಪ್ಪ ಮಾಡಿದ ತಪ್ಪು ಹುಳವಿಲ್ಲದ ಬದನೆಕಾಯಿ ಬೆಳೆದದ್ದು. ಬದನೆಕಾಯಿ ಅಂದ ಮೇಲೆ ಅದಕ್ಕೊಂದು ತೂತಿರಬೇಕು, ಹೆಚ್ಚುವಾಗ ಒಳಗಿನಿಂದ ಹುಳವೊಂದು ಹೊರಳಬೇಕು, ಹೆಚ್ಚುವವರು ಇಸ್ಸಿ ಎನ್ನಬೇಕು. ಹಾಗಿದ್ದರೆ ಮಾತ್ರ ಅದು ನಂಬಿಕಸ್ಥ ಬದನೆಕಾಯಿ. ಮಾಚೇನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಸ್ಟೋರ್ ನೋಡಿಕೊಳ್ಳುತ್ತಿದ್ದ ಜಯಪ್ಪ ಸಂಜೆ ಮನೆಗೆ ಬಂದವನೇ ಹಿತ್ತಲಿಗಿಳಿಯುತ್ತಿದ್ದ. ಹಳೆಯ ಸೊಳ್ಳೆಪರದೆಯನ್ನು ಹರಿದು ಗಿಡಗಳಿಗೆ ಹೊದಿಸಿದ್ದ. ಪತಂಗ ಒಳಗೆ ಹೋಗಲಿಲ್ಲ, ಮೊಟ್ಟೆ ಇಡಲಿಲ್ಲ, ಹುಳ ಆಗಲಿಲ್ಲ. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇರಲಿಲ್ಲ.

ಭಾನುವಾರ ಬೆಳಿಗ್ಗೆ ಪಕ್ಕದ ಮನೆಯ ಶಂಕರಮ್ಮ ತಟ್ಟೆಯ ತುಂಬ ಸೀಳಿದ ಬದನೆಕಾಯಿ ಹಿಡಿದುಕೊಂಡು ಗೇಟಿನ ಹತ್ತಿರ ಬಂದರು. ಹಿಂದಿನ ದಿನ ಜಯಪ್ಪನೇ ಪ್ರೀತಿಯಿಂದ ಕೊಟ್ಟಿದ್ದ ಕಾಯಿಗಳು. ಎಣ್ಣೆಗಾಯಿ ಮಾಡೋಣವೆಂದು ಒಂದೊಂದಾಗಿ ಸೀಳಿದರೆ ಒಂದರಲ್ಲೂ ಹುಳ ಸಿಗಲಿಲ್ಲವಂತೆ. ಅವರ ದನಿಯಲ್ಲಿ ಮೋಸಹೋದವರ ನೋವಿತ್ತು.

"ಹುಳನೇ ಮುಟ್ಟದೇ ಇರೋದನ್ನ ಮನುಷ್ಯರು ಹೆಂಗೆ ತಿನ್ನೋದು ಜಯಪ್ಪ?" ಎಂದರು.

ಜಯಪ್ಪ ಅವರನ್ನು ಹಿತ್ತಲಿಗೆ ಕರೆದು ಸೊಳ್ಳೆಪರದೆ ತೋರಿಸಲು ಹೋದ. ಅವರು ಬರಲಿಲ್ಲ. ಅಷ್ಟರಲ್ಲಿ ಎದುರುಮನೆಯ ಯೋಗರಾಜ್ ಲುಂಗಿ ಎತ್ತಿ ಕಟ್ಟಿಕೊಂಡು ಬಂದೇಬಿಟ್ಟರು. ಬ್ಯಾಂಕಿನಿಂದ ನಿವೃತ್ತರಾದ ಮೇಲೆ ಇಡೀ ಬೀದಿಯ ಆರೋಗ್ಯವನ್ನು ತಮ್ಮ ಮೊಬೈಲಿನಿಂದಲೇ ಕಾಯುತ್ತಿದ್ದ ಮಹಾನುಭಾವ ಅವರು. ಒಂದು ಹೋಳನ್ನು ಎರಡು ಬೆರಳಲ್ಲಿ ಎತ್ತಿ, ಮೂಸಿ, ವಾಪಸ್ ತಟ್ಟೆಗೆ ಹಾಕಿ, ಇದು ಕುಲಾಂತರಿ ಎಂದು ತೀರ್ಪು ಕೊಟ್ಟರು.

ಒಂದು ಜೀವಿಯ ಗುಣವನ್ನು ಇನ್ನೊಂದಕ್ಕೆ ಸೇರಿಸಿ ಮಾಡಿದ ತಳಿಗೆ ಕನ್ನಡದಲ್ಲಿ ಇಟ್ಟ ಹೆಸರು ಅದು. ಇಟ್ಟ ಪುಣ್ಯಾತ್ಮನಿಗೆ ನಮ್ಮ ಜನರ ಕಿವಿ ಎಂಥದ್ದೆಂದು ತಿಳಿದಿರಲಿಲ್ಲ. ಕುಲ ಎಂಬ ಎರಡಕ್ಷರ ಬಿದ್ದರೆ ಸಾಕು, ಭಾನುವಾರ ಹೊತ್ತೇರುವ ತನಕ ಮಲಗುವ ಬೀದಿಯೂ ಎದ್ದು ಬಾಗಿಲಿಗೆ ಬಂದು ನಿಲ್ಲುತ್ತದೆ. ಬಂದವರಿಗೆಲ್ಲ ಯೋಗರಾಜ್ ಪಾಠ ಹೇಳಿದರು. ಬದನೆಯೊಳಗೆ ಚೇಳಿನ ಜೀನು ಸೇರಿಸುತ್ತಾರಂತೆ. ತಿಂದವರಿಗೆ ಏನೂ ಆಗುವುದಿಲ್ಲವಂತೆ, ಮೊಮ್ಮಕ್ಕಳಿಗೆ ಆಗುತ್ತದಂತೆ. ಸಾಕ್ಷಿ ಬೇಕೇ? ಜಯಪ್ಪನ ಮಗಳು ಲಿಖಿತಾ ದಿನಾ ಬಸ್ಸು ಹಿಡಿದು ಶಂಕರಘಟ್ಟದ ಯೂನಿವರ್ಸಿಟಿಗೆ ಹೋಗಿ ಓದುತ್ತಿರುವುದು ಇದನ್ನೇ. ಅಲ್ಲಿಂದ ಬ್ಯಾಗಿನಲ್ಲಿ ಏನೇನು ತರುತ್ತಾಳೋ ಬಲ್ಲವರಾರು.

ಲಿಖಿತಾ ಹೊರಗೆ ಬಂದು ನಿಧಾನವಾಗಿಯೇ ಹೇಳಿದಳು. ಅಂಥ ಬದನೆಬೀಜವನ್ನು ನಮ್ಮ ದೇಶದಲ್ಲಿ ಮಾರುವ ಹಾಗೇ ಇಲ್ಲ. ಇದು ಅಪ್ಪ ಸಂತೆಯಲ್ಲಿ ತಂದ ನಾಟಿ ಬೀಜ. ಅಷ್ಟಾಗಿ ಹೆದರುವುದಾದರೆ ಅಂಕಲ್ ಉಟ್ಟ ಲುಂಗಿಯೇ ಕುಲಾಂತರಿ ಹತ್ತಿಯದಿರಬಹುದು. ಶಂಕರಮ್ಮತ್ತೆ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಕೂಡ ಅದೇ ವಿದ್ಯೆಯಿಂದ ಬಂದದ್ದು. ಅದರಿಂದ ಯಾರಿಗೂ ಬಾಲ ಬಂದಿಲ್ಲವಲ್ಲ.

ಮಾತು ಸತ್ಯವಾಗಿತ್ತು, ಆದ್ದರಿಂದ ಯಾರಿಗೂ ಹಿಡಿಸಲಿಲ್ಲ. ತಮ್ಮ ಲುಂಗಿಯ ಕುಲ ಎತ್ತಿದಳೆಂದು ಯೋಗರಾಜ್ ಕೆಂಪಾದರು. ತಮ್ಮ ಔಷಧಿಗೆ ಕಣ್ಣು ಹಾಕಿದಳೆಂದು ಶಂಕರಮ್ಮ ಕಣ್ಣೊರೆಸಿಕೊಂಡರು. ಜಯಪ್ಪನಿಗೆ ಮೈಯೆಲ್ಲ ಉರಿಯಿತು. ಸಂಜೆಯಾದರೆ ಇದೇ ಯೋಗರಾಜ್ ತಳ್ಳುಗಾಡಿಯ ಮುಂದೆ ನಿಂತು ಅಂಗೈಗೆ ಬಣ್ಣ ಹತ್ತುವ ಗೋಬಿ ತಿನ್ನುತ್ತಾರೆ. ಮಾರ್ಕೆಟಿನಲ್ಲಿ ಔಷಧಿಯಲ್ಲಿ ಮುಳುಗೆದ್ದ ಬದನೆಕಾಯಿಯನ್ನು ಫಳಫಳ ಹೊಳೆಯುತ್ತದೆಂದು ಆರಿಸಿ ತರುತ್ತಾರೆ. ಒಂದು ಹನಿ ವಿಷ ಹಾಕದೆ ಬೆಳೆದ ಕಾಯಿಗೆ ಮಾತ್ರ ಬೀದಿಯಲ್ಲಿ ಪಂಚಾಯಿತಿ.

"ತಿನ್ನಬೇಡಿ ಮಾರಾಯ್ರೆ, ತಿನ್ನಿ ಅಂತ ಯಾರು ಕಾಲು ಹಿಡಿದಿದ್ರು" ಎಂದು ಅವನು ಗೇಟು ಹಾಕಿಕೊಂಡ.

ಅಲ್ಲಿಗೆ ಮುಗಿದಿದ್ದರೆ ಮುಗಿಯುತ್ತಿತ್ತು. ಆದರೆ ಶಂಕರಮ್ಮನ ತಂಗಿ ಇರುವುದು ಭದ್ರಾವತಿಯಲ್ಲಿ, ಅದೂ ಹೊನ್ನಯ್ಯನವರ ಮನೆಯ ಬೀದಿಯಲ್ಲಿ. ಆ ಹೊನ್ನಯ್ಯನವರ ಕಿರಿಮಗ ನಿಶಾಂತನಿಗೂ ಲಿಖಿತಾಗೂ ಮದುವೆಯ ಮಾತುಕತೆ ನಡೆದಿತ್ತು. ಒಮ್ಮೆ ಬಂದು ನೋಡಿ ಹೋಗಿದ್ದರು. ಹುಡುಗ ಹುಡುಗಿ ಒಬ್ಬರನ್ನೊಬ್ಬರು ಮೆಚ್ಚಿದ್ದರು, ದಿನಾ ಫೋನಿನಲ್ಲಿ ಮಾತಾಡುತ್ತಲೂ ಇದ್ದರು. ಮಗಳ ಮುಖದಲ್ಲಿ ಅಂಥ ಕಳೆಯನ್ನು ಜಯಪ್ಪ ಹಿಂದೆಂದೂ ಕಂಡಿರಲಿಲ್ಲ. ನಿಶ್ಚಿತಾರ್ಥದ ದಿನ ಗೊತ್ತುಮಾಡುವುದೊಂದೇ ಬಾಕಿ ಇತ್ತು.

ತಿಂಡಿ ಮುಗಿಸುವ ಹೊತ್ತಿಗೆ ಹೊನ್ನಯ್ಯನವರ ಫೋನು ಬಂತು. ದನಿ ಗಂಭೀರವಾಗಿತ್ತು.

"ನಿಮ್ಮನೇಲಿ ಕುಲಾಂತರಿ ಇದೆ ಅಂತ ಕೇಳಿದ್ವಿ. ಫೋನಲ್ಲಿ ಬೇಡ. ಒಂದ್ಸಲ ಬಂದು ಹೋಗಿ, ಕೂತು ಮಾತಾಡೋಣ."

ಜಯಪ್ಪ ತಟ್ಟೆ ಬಿಟ್ಟು ಎದ್ದ. ಒಂದು ಬದನೆಗಿಡಕ್ಕೆ ಮಗಳ ಬದುಕು ಹೋಯಿತೆಂದುಕೊಂಡ. ನೇರವಾಗಿ ಹಿತ್ತಲಿಗೆ ನಡೆದು, ಸೊಳ್ಳೆಪರದೆ ಕಿತ್ತೆಸೆದು, ಗಿಡಗಳನ್ನು ಒಂದೊಂದಾಗಿ ಬೇರುಸಮೇತ ಎಳೆಯತೊಡಗಿದ. ಲಿಖಿತಾ ಓಡಿಬಂದು ಕೈ ಹಿಡಿದಳು. ಗಿಡದ್ದು ತಪ್ಪೇನೂ ಇಲ್ಲ, ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿ ಬಾ ಎಂದಳು. ಸತ್ಯ ಹೇಳಿಕೊಂಡು ಕೂತರೆ ಮದುವೆ ಆಗುತ್ತಾ ಎಂದು ಅವಳನ್ನೇ ಗದರಿ, ಗುಂಡಿ ತೋಡಿ, ಹೂವು ಕಾಯಿ ಎಲ್ಲವನ್ನೂ ಹೂತು ಮಣ್ಣೆಳೆದ. ಬೀದಿಗೆ ಕೇಳುವಂತೆ ಗುದ್ದಲಿಯನ್ನು ಜೋರಾಗಿಯೇ ಬಡಿದ. ತಾರಸಿಯ ಮೇಲೆ ನಿಂತಿದ್ದ ಯೋಗರಾಜ್, ಇನ್ನೂ ಆಳಕ್ಕೆ ತೋಡಬೇಕೆಂದು ಸಲಹೆ ಕೊಟ್ಟರು.

ಕೈ ತೊಳೆಯುವಷ್ಟೂ ವ್ಯವಧಾನವಿಲ್ಲದೆ ಜಯಪ್ಪ ಭದ್ರಾವತಿಯ ಬಸ್ಸು ಹತ್ತಿದ. ಪಕ್ಕದ ಸೀಟಿನವರು ಅವನ ಮಣ್ಣು ಮೆತ್ತಿದ ಪಂಚೆ ನೋಡಿ, ಯಾರು ತೀರಿಕೊಂಡರು ಎಂದು ಕನಿಕರದಿಂದ ವಿಚಾರಿಸಿದರು. ಬದನೆಗಿಡ ಎಂದದ್ದಕ್ಕೆ ಎದ್ದು ಹಿಂದಿನ ಸೀಟಿಗೆ ಹೋದರು. ದಾರಿಯುದ್ದಕ್ಕೂ ಅವನು ಹೇಳಬೇಕಾದ್ದನ್ನು ಬಾಯಿಪಾಠ ಮಾಡಿಕೊಂಡ.

ಹೊನ್ನಯ್ಯನವರ ಮನೆಯಲ್ಲಿ ಎಲ್ಲರೂ ನಡುಮನೆಯಲ್ಲಿ ಕಾದು ಕೂತಿದ್ದರು. ಹೊನ್ನಯ್ಯ, ಅವರ ಹೆಂಡತಿ ನಂಜಮ್ಮ, ನಿಶಾಂತ, ಮೂಲೆಯ ಕುರ್ಚಿಯಲ್ಲಿ ದೊಡ್ಡ ಮಗ ದುಶ್ಯಂತ. ಟೀಪಾಯಿಯ ಮೇಲೆ ಹೋಳಿಗೆ ಕೂಡ ಇತ್ತು. ಬೇಡ ಅನ್ನುವ ಮುಂಚೆ ಹೊಟ್ಟೆ ತುಂಬಿಸಿ ಕಳಿಸುತ್ತಾರೆ, ಮರ್ಯಾದಸ್ಥರು ಎಂದು ಜಯಪ್ಪನಿಗೆ ಇನ್ನಷ್ಟು ಸಂಕಟವಾಯಿತು. ಹೊನ್ನಯ್ಯ ಮೆಲ್ಲಗೆ, ಕೇಳಿದ ವಿಷಯ ನಿಜವೇ ಎಂದರು. ಜಯಪ್ಪ ಕೂರಲೂ ಇಲ್ಲ.

"ಶುದ್ಧ ಸುಳ್ಳು. ಕುಲಾಂತರಿ ಅನ್ನೋದು ನಮ್ಮ ಮುತ್ತಜ್ಜನ ಕಾಲದಿಂದ ನಮ್ಮ ಹೊಸ್ತಿಲು ತುಳಿದಿಲ್ಲ. ನಮ್ಮದು ಅಪ್ಪಟ ನಾಟಿ, ಬೆರಕೆ ಇಲ್ಲ."

ನಂಜಮ್ಮ ಎತ್ತಿಕೊಂಡ ಹೋಳಿಗೆಯ ತಟ್ಟೆಯನ್ನು ಕೆಳಗಿಟ್ಟರು. ಅವರಿಗಿನ್ನೂ ನಂಬಿಕೆ ಬಂದಿಲ್ಲವೆಂದು ಜಯಪ್ಪ ದನಿ ಏರಿಸಿದ.

"ಹಂಗೊಂದು ಮಾತು ಬಂತು ಅಂತ ಗೊತ್ತಾದ ಮೇಲೆ ಒಂದು ಗಳಿಗೆ ಇಟ್ಕೊಳ್ಳಲಿಲ್ಲ. ಈಗ ತಾನೆ ಹಿತ್ತಲಲ್ಲಿ ಮಣ್ಣು ಮಾಡಿ ಬಂದೆ. ನೋಡಿ, ಕೈ ಕೂಡ ತೊಳೆದಿಲ್ಲ."

"ಮಣ್ಣು ಮಾಡಿದ್ರಾ?" ಎಂದರು ಹೊನ್ನಯ್ಯ.

"ಎಲ್ಲಾನೂ. ಎಳೇವೂ ಇದ್ವು, ಕರುಳು ಚುರ್ ಅಂತು. ಮಗಳು ಅಡ್ಡ ಬಂದ್ಲು, ಬಿಡಲಿಲ್ಲ. ಮನೆ ಮರ್ಯಾದೆ ಮುಖ್ಯ ಅಲ್ವಾ?"

ದುಶ್ಯಂತ ಎದ್ದು ಹೋಗಿ ಒಳಕೋಣೆಯ ಬಾಗಿಲಿಗೆ ಅಡ್ಡ ನಿಂತ. ನಿಶಾಂತ ಲಿಖಿತಾಳಿಗೆ ಫೋನು ಹಚ್ಚಿದ, ಅವಳು ಹಲೋ ಎಂದ ಮೇಲೆಯೇ ಉಸಿರು ಬಿಟ್ಟ. ಏನೋ ತಪ್ಪಾಗಿದೆಯೆಂದು ಜಯಪ್ಪನಿಗೆ ಆಗ ಹೊಳೆಯಿತು. ಹೊನ್ನಯ್ಯ ಒಳಗೆ ತಿರುಗಿ ಪುಷ್ಪಾ ಎಂದು ಕೂಗಿದರು. ದುಶ್ಯಂತನ ಬೆನ್ನ ಹಿಂದಿನಿಂದ ಒಬ್ಬ ಹೆಣ್ಣುಮಗಳು ಇಣುಕಿದಳು. ಜಯಪ್ಪ ಅವಳನ್ನು ಹಿಂದೆ ನೋಡಿರಲಿಲ್ಲ.

"ಇವಳು ನಮ್ಮ ದೊಡ್ಡ ಸೊಸೆ. ಬೇರೆ ಕುಲದೋಳು" ಎಂದರು ಹೊನ್ನಯ್ಯ. ಈ ಒಂದು ವಿಷಯಕ್ಕೆ ನಿಶಾಂತನಿಗೆ ಬಂದ ಸಂಬಂಧಗಳೆಲ್ಲ ತಪ್ಪಿದ್ದವಂತೆ. ಅದಕ್ಕೇ ಹೆದರಿ, ಹೆಣ್ಣು ನೋಡಲು ಬಂದಾಗ ಇವಳನ್ನು ಕರೆತಂದಿರಲಿಲ್ಲವಂತೆ. ಇವತ್ತು ಜಯಪ್ಪನ ಮನೆಯಲ್ಲೂ ಕುಲಾಂತರಿ ಎಂಬ ಸುದ್ದಿ ಬಂದಾಗ, ಅವರದ್ದೂ ಕುಲ ಮೀರಿ ಮದುವೆಯಾದ ಮನೆತನ, ಇನ್ನು ಮುಚ್ಚುಮರೆ ಬೇಡ ಎಂದು ಮನೆಮಂದಿಯೆಲ್ಲ ಕುಣಿದಾಡಿದ್ದರಂತೆ. ಹೋಳಿಗೆ ಬೇಯಿಸಿದವಳು ಪುಷ್ಪಾಳೇ.

ಜಯಪ್ಪ ಅಲ್ಲೇ ನೆಲಕ್ಕೆ ಕುಸಿದು ಕೂತ. ಬದನೆಗಿಡ, ಸೊಳ್ಳೆಪರದೆ, ಶಂಕರಮ್ಮ, ಯೋಗರಾಜರ ಚೇಳು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದ. ತಾನು ಮಣ್ಣು ಮಾಡಿದ್ದು ಬರೀ ತರಕಾರಿಯನ್ನು ಎಂದು ಆಣೆ ಹಾಕಿದ. ಆ ಪದ ಬೆಳೆಗೂ ಬಳಸುವುದುಂಟೆಂದು ನಿಶಾಂತ ಒಪ್ಪಿದ. ಮೊದಲು ನಕ್ಕವಳು ಪುಷ್ಪಾ, ಆಮೇಲೆ ನಂಜಮ್ಮ. ಜಯಪ್ಪನೂ ನಕ್ಕು, ಮಣ್ಣು ಕೈಯಲ್ಲೇ ಹೋಳಿಗೆಗೆ ಕೈ ಚಾಚಿ, ತನಗೆ ಯಾವ ಕುಲವೂ ಒಂದೇ ಎಂದ.

ಹೊನ್ನಯ್ಯ ಮಾತ್ರ ನಗಲಿಲ್ಲ. ಜಯಪ್ಪನ ಉಗುರಿನ ಮಣ್ಣನ್ನೇ ನೋಡುತ್ತ ಹೇಳಿದರು.

"ಗಿಡದ್ದು ತಪ್ಪಿಲ್ಲ ಅಂತ ನಿಮಗೆ ಗೊತ್ತಿತ್ತು. ಆದ್ರೂ ನಾಲ್ಕು ಜನ ಕುಲ ಎತ್ತಿದ್ರು ಅಂತ ಕಿತ್ತು ಹೂತು ಬಂದ್ರಿ. ನಾಳೆ ನಿಮ್ಮ ಬೀದಿಯೋರು ನಮ್ಮ ಪುಷ್ಪಾಳ ಕುಲ ಕೇಳ್ತಾರೆ. ಆವಾಗ ಏನು ಕೀಳ್ತೀರಿ ಜಯಪ್ಪನವರೇ?"

ಜಯಪ್ಪ ಹೋಳಿಗೆಗೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡು, ಕೈ ತೊಳೆಯಲು ನೀರು ಕೇಳಿದ.