ಮೂಲ ಟೋಬಿಟನ್

ಒಂದಾನೊಂದು ಕಾಲದಲ್ಲಿ ಇಂಗ್ಲೆಂಡಿನ ಡೆವನ್ ಸೀಮೆಯಲ್ಲಿ ಟೋಬಿಟನ್ ಎಂಬ ಹಳ್ಳಿಯಿತ್ತು. ಹಳ್ಳಿಗೊಬ್ಬ ಅಧ್ಯಕ್ಷ, ಆಂಬ್ರೋಸ್ ಟಕೆಟ್. ಅವನಿಗೆ ಮೂಗಿನ ತುದಿಯಲ್ಲೇ ಕೋಪ.

ಕೋಪಕ್ಕೆ ಕಾರಣ ಸೇಬು. ಕಡಲಾಚೆ ಟಾಸ್ಮೇನಿಯಾದಲ್ಲೂ ಒಂದು ಟೋಬಿಟನ್. ಅಲ್ಲಿಯ ಸೇಬು ಲೋಕಪ್ರಸಿದ್ಧ. ಟಕೆಟ್ ಎಲ್ಲಿ ಊರ ಹೆಸರು ಹೇಳಿದರೂ ಜನ, "ಓ, ಸೇಬಿನ ಟೋಬಿಟನ್ನಾ?" ಎನ್ನುತ್ತಿದ್ದರು.

"ನಮ್ಮ ಹೆಸರನ್ನೇ ಕದ್ದು, ನಮಗೇ ಸೇಬು ಮಾರ್ತಾರೆ!" ಎಂದು ಅವನು ಗ್ರಾಮಸಭೆಯಲ್ಲಿ ಮೇಜು ಗುದ್ದಿದ. "ಶನಿವಾರ ಪ್ರವಾಸ ಬಂದಿರೋ ಆ ಊರಿನವರು ಚಹಾಕ್ಕೆ ಬರ್ತಾರಲ್ಲ, ಅವತ್ತು ಹೊತ್ತು ಮುಳುಗೋದ್ರೊಳಗೆ 'ಮೂಲ ಟೋಬಿಟನ್' ಅಂತ ಬೋರ್ಡು ನೆಟ್ಟೇ ನೆಡ್ತೀನಿ. ಇಲ್ಲಾಂದ್ರೆ ನನ್ನ ಕುರ್ಚಿ, ಅದರ ಮೇಲೇ ಕಣ್ಣಿಟ್ಟಿರೋ ಗಾಸ್ಲಿಂಗಮ್ಮಂಗೆ!"

ಶನಿವಾರ ಬೆಳಗ್ಗೆ ಮೊದಲ ಗುಂಡಿ ತೋಡಿದ್ದೇ ತಡ, ಗಾಸ್ಲಿಂಗಮ್ಮ ತನ್ನ ತೋಟದ ಬೇಲಿಯ ಮೇಲೆ ಹುಣ್ಣಿಮೆ ಚಂದ್ರನಂತೆ ಮೂಡಿದಳು. "ನನ್ನ ಗುಲಾಬಿಗೆ ನೆರಳಾಗತ್ತೆ ಟಕೆಟ್ಟರೇ. ಮುಚ್ಚಿ."

ಮುಚ್ಚಿದ. ಇಗರ್ಜಿಯ ಮುಂದೆ ಎರಡನೆಯದು ತೋಡಿದ. ಪಾದ್ರಿಗಳು ಬಂದರು. "ಸಂತ ಟೋಬಿಯಾಸರಿಂದ ಬಂದ ಹೆಸರಪ್ಪಾ ಇದು. ಬೋರ್ಡಲ್ಲಿ ಸಂತರೇ ಇಲ್ವಲ್ಲ?"

"ಯಾವ ಸಂತ, ಸ್ವಾಮಿ?" ಎಂದು ಪಬ್ಬಿನ ಪರ್ಕಿನ್ ನಡುವೆ ಬಾಯಿ ಹಾಕಿದ. "ಯಾರೋ ರಾಜ ನಮ್ಮ ಪಬ್ಬಲ್ಲಿ ಕುಡಿದು ಬಿದ್ದು ಇಟ್ಟ ಹೆಸರು!"

ಸಂತನಿಗೂ ರಾಜನಿಗೂ ಜಗಳ ಹತ್ತಿಕೊಂಡಿತು. ಎರಡು ಕಡೆಗೂ ಕ್ಷಮೆ ಕೇಳಿ, ಬೋರ್ಡನ್ನು ಶಿಲುಬೆಯ ಹಾಗೆ ಹೊತ್ತುಕೊಂಡು ಟಕೆಟ್ ಕೆರೆ ದಂಡೆಗೆ ಓಡಿದ.

ಅಲ್ಲಿ ಮೂರನೆಯ ಗುಂಡಿ ತೋಡುತ್ತಿರುವಾಗಲೇ ಅತಿಥಿಗಳ ಬಸ್ಸು ಬಂತು. ಊರವರೂ ಅತಿಥಿಗಳೂ ಚಹಾದ ಬಟ್ಟಲು ಹಿಡಿದು ಸುತ್ತ ನಿಂತರು. ಠಣ್! ಸನಿಕೆ ಅಕ್ಷರ ಕೊರೆದ ಕಲ್ಲಿಗೆ ತಾಗಿತು.

"ನೋಡ್ರಿ! ನಮ್ಮ ಪುರಾತನ ಶಾಸನ!" ಟಕೆಟ್ ಕುಣಿದಾಡಿದ. "ಪಾದ್ರಿಗಳೇ, ಜೋರಾಗಿ ಓದಿ. ಈ ಕಳ್ಳರ ಕಿವಿಗೂ ಬೀಳಲಿ!"

ಪಾದ್ರಿಗಳು ಮಣ್ಣೊರೆಸಿ ಓದಿದರು. ಓದುತ್ತ ಓದುತ್ತ ದನಿ ಇಳಿಯಿತು. "ಟಾಸ್ಮೇನಿಯಾದ ಟೋಬಿಟನ್ನಿನಲ್ಲಿ ಐಶ್ವರ್ಯ ಗಳಿಸಿ ಮರಳಿದ ಕ್ಯಾಪ್ಟನ್ ಪ್ರೌಸ್, ಈ ಹಳ್ಳಿಯನ್ನು ಕೊಂಡು, ಆ ಊರಿನ ಹೆಸರನ್ನೇ ಇದಕ್ಕೂ ಇಟ್ಟನು."



"ಅಯ್ಯೋ, ನೀವು ನಮ್ಮ ಮಕ್ಕಳಾ!" ಎಂದು ಅತಿಥಿಗಳ ಮುಖಂಡೆ ಎನಿಡಜ್ಜಿ ಟಕೆಟ್ಟನ ಗಲ್ಲ ಹಿಂಡಿದಳು. "ಟೋಬಿ ಅಂದ್ರೆ ನಮ್ಮ ಹಿರೀಕರ ಕತ್ತೆ, ಮಗಾ. ಅದು ಮಲಗಿ ಮೇಲೇಳದ ಜಾಗದಲ್ಲೇ ಊರು ಕಟ್ಟಿದ್ರು."

"ಕತ್ತೆಯಾ!" ಟಕೆಟ್ ಕೆಂಡವಾದ. "ಅನ್ಯಾಯ! ಈ ಬೋರ್ಡು ನಾನು ನೆಡಲ್ಲ!"

"ನೆಡಬೇಡಿ," ಗಾಸ್ಲಿಂಗಮ್ಮ ಜೇನಿನಂತೆ ನಕ್ಕಳು. "ಕುರ್ಚಿ ಸಂಜೆಗೇ ಕಳಿಸಿಕೊಡಿ."

ಪಾದ್ರಿಗಳು ಗಂಟಲು ಸರಿಮಾಡಿಕೊಂಡರು. "ನಮ್ಮಲ್ಲಿ ಒಂದೇ ಹೆಸರಿನ ಎರಡು ಊರಿದ್ರೆ ಒಂದನ್ನ ದೊಡ್ಡದು, ಇನ್ನೊಂದನ್ನ ಪುಟ್ಟದು ಅನ್ನೋದು ವಾಡಿಕೆ. ಬೋರ್ಡಲ್ಲೂ ಹಾಗೇ ಬರೆಯೋಣ ಅನ್ನೋರು ಕೈ ಎತ್ತಿ ನೋಡೋಣ."

ಚಹಾದ ಬಟ್ಟಲಿಲ್ಲದ ಕೈಗಳೆಲ್ಲ ಮೇಲೆದ್ದವು.

ಹಲ್ಲು ಕಡಿಯುತ್ತ ಟಕೆಟ್ 'ಮೂಲ'ದ ಮೇಲೆ ಬಣ್ಣ ಬಳಿದ, ಬೇರೆ ಪದ ಬರೆದ, ಕಂಬ ನಿಲ್ಲಿಸಿ ಕೊನೆಯ ಮೊಳೆ ಹೊಡೆದ. ಕುರ್ಚಿ ಉಳಿಯಿತು. ಹೊತ್ತು ಮುಳುಗುವ ಮೊದಲೇ ಬೋರ್ಡು ನಿಂತಿತು:

ಪುಟ್ಟ ಟೋಬಿಟನ್.