ತುಂಡುಬಾಲದ ತಾಯಿಯ ಕಾವಲು

ದೇವರ ದಯೆಯಿಂದ ನನ್ನ ಪಾಲಿಗೆ ನಗುವಿನ ಪ್ರಸಂಗಗಳಿಗೆ ಬರವಿಲ್ಲ. ನಕ್ಕಾದ ಮೇಲೆ ಕಣ್ಣೊರೆಸಿಕೊಳ್ಳುವುದಕ್ಕೂ ಬರವಿಲ್ಲ. ಮುಂಡರಗಿ ಸೀಮೆಯ ಹೊಳೆದಂಡೆಯಲ್ಲಿ ಒಂದು ಸಣ್ಣ ಗುಡಿಯ ಪೂಜೆ ನನ್ನದು. ಕೆಳಗೆ ತುಂಗಭದ್ರೆಯ ಮಡು. ಅದರಲ್ಲಿ ಹೊಳೆಯಲ್ಲೇ ಹುಟ್ಟಿ ಬೆಳೆದ ಮಹಶೀರ್. ನಮಗೆ ದೇವರ ಮೀನು. ಈಗ ದೊಡ್ಡದೆಂದು ಉಳಿದದ್ದು ಒಂದೇ ತಾಯಿಮೀನು, ಬಾಲ ತುಂಡಾದದ್ದು. ಮಳೆಗಾಲದ ಹೊಸ ನೀರಿಗೆ ಅದೊಂದು ಮೊಟ್ಟೆಯಿಟ್ಟರೆ ವಂಶ ಉಳಿದೀತೆಂದು ದಿನಾ ಬೇಡಿಕೊಳ್ಳುತ್ತಿದ್ದೆ.

ಬೋರ್ಡು

'ಇಲ್ಲಿ ಮೀನು ಹಿಡಿಯಬಾರದು' ಎಂದು ದೊಡ್ಡಕ್ಷರದಲ್ಲಿ ಬರೆಸಿ ನಿಲ್ಲಿಸಿದೆ. ವಾರದೊಳಗೆ ದಂಡೆಯ ತುಂಬ ಗಾಳ. ಬೋರ್ಡಿನ ನೆರಳಲ್ಲೇ ಕೂತಿದ್ದವನನ್ನು ಕೇಳಿದೆ, "ಓದಾಕ ಬರೂದಿಲ್ಲೇನೋ?"

"ಬರತೈತಿ ಅಂತನಽ ಬಂದೇವ್ರಿ ಅಯ್ಯಾರ. ಇಲ್ಲಂದ್ರ ಇಲ್ಲಿ ಮೀನ ಅದಾವಂತ ಯಾರಿಗೆ ಖಬರ ಇತ್ರಿ?"

ಪುಣ್ಯ

ಜೀವ ಬಿಡುಗಡೆ ಮಾಡಿದರೆ ಗ್ರಹದೋಷ ಕಳೆಯುತ್ತದೆಂದು ಯಾರೋ ಹೇಳಿದ್ದರಂತೆ. ಗದಗಿನಿಂದ ಒಬ್ಬ ತಾಯಿ ಕಾರಿನಲ್ಲಿ ಎರಡು ಬಕೆಟ್ಟು ತಂದು ಮಡುವಿಗೆ ಸುರಿದೇಬಿಟ್ಟರು. ನೋಡಿದರೆ ಮಾರ್ಕೆಟ್ಟಿನ ಮೀಸೆಯ ಕ್ಯಾಟ್‌ಫಿಶ್! ನಾನು ಕೂಗಿಕೊಂಡೆ.

"ಯವ್ವಾ, ಇವು ನಮ್ಮ ದೇವರ ಮೀನಿನ ಮರಿ ತಿಂತಾವ!"

ಆಕೆ ಸಮಾಧಾನದಿಂದ ಕೈಮುಗಿದರು. "ತಿನ್ಲಿ ಬಿಡ್ರಿ ಅಯ್ಯಾರ. ಬಿಡಿಸಿ ತಂದು ಉಪವಾಸ ಕೆಡವಿದ್ರ ಪಾಪ ಬರತೈತಿ."

ಆಶೀರ್ವಾದ

ಇನ್ನು ಇದು. ಹೇಳಲೋ ಬೇಡವೋ ಎಂದು ಬಹಳ ದಿನ ಸುಮ್ಮನಿದ್ದೆ.

ಒಂದು ಮುಂಜಾನೆ ಸೌಮ್ಯ ಮುಖದ ಒಬ್ಬ ಭಕ್ತ ಬಂದ. ಮಡಿಯುಟ್ಟು ಬಂದಿದ್ದ, ಅದೂ ನನಗೆ ಹಿತವೆನಿಸಿತು. ಬಟ್ಟೆ ಸುತ್ತಿದ ಗಂಟೊಂದನ್ನು ದೇವರ ಮುಂದಿಟ್ಟ. ಜನ ನೇಗಿಲಿನ ಹೊಸ ಕುಡ, ಹೊಲಿಗೆ ಯಂತ್ರ ಎಲ್ಲವನ್ನೂ ತಂದು ಪೂಜೆಗೆ ಇಡುತ್ತಾರೆ. ಗಂಟು ಬಿಚ್ಚಿಸಿ ನೋಡುವುದು, ಏನು ಬೇಡಿಕೊಂಡಿ ಎಂದು ಕೇಳುವುದು ನಮ್ಮಲ್ಲಿ ಪದ್ಧತಿಯಿಲ್ಲ. ಅವನ ಹಣೆಗೂ ಗಂಟಿಗೂ ವಿಭೂತಿ ಹಚ್ಚಿ, ಮನಸ್ಸು ತುಂಬಿ ಹರಸಿದೆ: "ಬೇಡಿದ್ದು ಕೈಗೂಡ್ಲೆಪಾ."

ಸಂಜೆ ಕಾಯಿ ಒಡೆಸಲು ಓಡಿಬಂದ. "ಅಯ್ಯಾರ, ನಿಮ್ಮ ಬಾಯಿ ಭಾಳ ಖರೆರಿ!"

ಹೊರಗೆ ಅವನ ಬೈಕಿನ ಮೇಲೆ ಮುಂಜಾನೆಯ ಗಂಟು ಬಿಚ್ಚಿತ್ತು; ಒಳಗೆ ಒದ್ದೆ ಬಲೆ. ಬಲೆಯ ಮೇಲೆ ಚೀಲ. ಚೀಲದ ಬಾಯಿಂದ ಒಂದು ತುಂಡುಬಾಲ.

ನಾನು ಚೀಲಕ್ಕೆ ಕೈಹಾಕಿ ಕೇಳಿದೆ. "ದೇವರ ಮೀನಲ್ಲೇನೋ ಅದು?"

ಅವನು ಎರಡೂ ಕೆನ್ನೆ ಬಡಿದುಕೊಂಡ. "ಹೌದ್ರಿ! ಅದಕ್ಕಽ ಹಂಗಽ ಕೈ ಹಚ್ಚಲಿಲ್ಲ. ಮೊದಲ ಬಂದು ನಿಮ್ಮ ಕಡಿಂದ ಅಪ್ಪಣಿ ತಗೊಂಡು ಹೋದೆ."